ಜಿಒಜಿ: ನೆಟ್ ಇಲ್ಲದೆಯೂ ಓಡುವ ಗೇಮ್‌ಗಳ ಅಂಗಡಿ, ವರ್ಷಗಟ್ಟಲೆ ಬಳಸಿದ ಮೇಲೆ

ಪಿಸಿ ಗೇಮ್ ಎಲ್ಲಿ ಕೊಳ್ಳಲಿ ಅಂತ ಯಾರಾದರೂ ಕೇಳಿದರೆ ಮೊದಲು ಜಿಒಜಿ (GOG) ಅನ್ನುವ ಆನ್‌ಲೈನ್ ಅಂಗಡಿ ನೋಡಿ ಅನ್ನುತ್ತೇನೆ. ಅಲ್ಲಿ ಸಿಗದಿದ್ದರೆ ಮಾತ್ರ ಬೇರೆ ಕಡೆ. ಬೆಲೆ ಕಡಿಮೆ ಇರುತ್ತದೆ ಅಂತ ಹೀಗೆ ಹೇಳುತ್ತಿಲ್ಲ, ಎಷ್ಟೋ ಸಲ ಸ್ಟೀಮ್ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲೇ ರೂಪಾಯಿ ಲೆಕ್ಕದಲ್ಲಿ ಅಗ್ಗವಾಗಿ ಸಿಗುತ್ತದೆ. ಆದರೆ ಜಿಒಜಿಯಲ್ಲಿ ಕೊಂಡು ಇಳಿಸಿಟ್ಟುಕೊಂಡ ಗೇಮನ್ನು ಆಮೇಲೆ ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ. ನನಗೆ ಅದೇ ಮುಖ್ಯ.

ಈ ಅಂಗಡಿ ಹುಟ್ಟಿದ್ದು ಪೋಲೆಂಡ್‌ನಲ್ಲಿ, 2008ರಲ್ಲಿ. ಶುರು ಮಾಡಿದ್ದು ದಿ ವಿಚರ್ ಗೇಮ್ ಮಾಡಿದ ಸಿಡಿ ಪ್ರೊಜೆಕ್ಟ್. 1990ರ ದಶಕದ ಪೋಲೆಂಡ್ ಬಜಾರುಗಳಲ್ಲಿ ನಕಲಿ ಸಿಡಿಗಳದ್ದೇ ರಾಜ್ಯ. ನಮ್ಮ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ ಸುತ್ತಾಡಿದವರಿಗೆ ಆ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ಅಂಥ ಕಡೆ ಇವರು ಬಾಲ್ಡರ್ಸ್ ಗೇಟ್ ಗೇಮಿಗೆ ಪೋಲಿಷ್ ದನಿ ಕೊಡಿಸಿ, ಡಬ್ಬಿಯೊಳಗೆ ನಕ್ಷೆ, ಪುಸ್ತಕ ಇಟ್ಟು ಮಾರಿದರು. ನಕಲು ಮಾಡದಂತೆ ಗೇಮಿಗೆ ಬೀಗ ಜಡಿಯುವ ಬದಲು ಅಸಲಿಯನ್ನೇ ಚೆನ್ನಾಗಿ ಕೊಟ್ಟರೆ ಜನ ಕೊಳ್ಳುತ್ತಾರೆ ಅಂತ ಅವರಿಗೆ ಆಗಲೇ ಗೊತ್ತಾಗಿತ್ತು. ಜಿಒಜಿ ಇಂದಿಗೂ ನಡೆಯುತ್ತಿರುವುದು ಇದೇ ನಂಬಿಕೆಯ ಮೇಲೆ.

ಬಳಸುವುದು ಹೀಗೆ. ದುಡ್ಡು ಕೊಟ್ಟ ಮೇಲೆ ಗೇಮ್ ನಿಮ್ಮ ಲೈಬ್ರರಿಗೆ ಬರುತ್ತದೆ. ಅದನ್ನು ತೆರೆದರೆ ಆಫ್‌ಲೈನ್ ಇನ್‌ಸ್ಟಾಲರ್ ಅಂತ ಒಂದು ಪಟ್ಟಿ ಕಾಣುತ್ತದೆ. 'ಸೆಟಪ್' ಅಂತ ಶುರುವಾಗುವ ಒಂದು ಚಿಕ್ಕ ಇಎಕ್ಸ್‌ಇ ಫೈಲ್ ಇರುತ್ತದೆ. ದೊಡ್ಡ ಗೇಮ್ ಆದರೆ ಜೊತೆಗೆ 1, 2, 3 ಅಂತ ನಂಬರ್ ಹಾಕಿದ ಬಿನ್ ಫೈಲ್‌ಗಳೂ ಇರುತ್ತವೆ. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಇಳಿಸಿಕೊಂಡರೆ ಮುಗಿಯಿತು. ನಾನು ಹೊಸ ಗೇಮ್ ಇಳಿಸಿದಾಗಲೆಲ್ಲ ಒಂದು ಪರೀಕ್ಷೆ ಮಾಡುತ್ತೇನೆ. ವೈಫೈ ಆಫ್ ಮಾಡಿ, ಹಾರ್ಡ್ ಡಿಸ್ಕ್‌ನಲ್ಲಿರುವ ಸೆಟಪ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡುತ್ತೇನೆ. ಕರಾರಿಗೆ ಒಂದು ಟಿಕ್, ಆಮೇಲೆ ಇನ್‌ಸ್ಟಾಲ್ ಬಟನ್. ಎಷ್ಟು ಕೆಲಸ ಮುಗಿಯಿತು ಅಂತ ತೋರಿಸುವ ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತದೆ, ಗೇಮ್ ಶುರುವಾಗುತ್ತದೆ. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, 'ಸರ್ವರ್ ಸಿಗುತ್ತಿಲ್ಲ' ಅನ್ನುವ ಸಂದೇಶವೂ ಇಲ್ಲ. ಊರಿನ ಮನೆಯಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲ್ಲಿನ ಹಳೆಯ ವಿಂಡೋಸ್ 7 ಲ್ಯಾಪ್‌ಟಾಪ್‌ನಲ್ಲೂ ನನ್ನ ಹಳೆಯ ಗೇಮ್‌ಗಳು ಹೀಗೇ ಓಡುತ್ತಿವೆ. ಸ್ಟೀಮ್ 2024ರ ಜನವರಿ 1ರಿಂದ ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿದೆ.

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವವರು ದಿ ಕ್ರ್ಯೂ ಕಥೆ ಕೇಳಬೇಕು. ಯೂಬಿಸಾಫ್ಟ್ 2014ರಲ್ಲಿ ತಂದ ಕಾರ್ ರೇಸಿಂಗ್ ಗೇಮ್ ಅದು. ಒಬ್ಬರೇ ಆಡಿದರೂ ಕಂಪನಿಯ ಸರ್ವರ್‌ಗೆ, ಅಂದರೆ ನೆಟ್ ಮೂಲಕ ಸಿಗುವ ಅವರ ಕಂಪ್ಯೂಟರ್‌ಗೆ, ಸಂಪರ್ಕ ಬೇಕೇ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಪೂರ್ತಿ ದುಡ್ಡು ಕೊಟ್ಟು ಡಿಸ್ಕ್ ತಂದವರಿಗೂ ಗೇಮ್ ಇಲ್ಲವಾಯಿತು. ಇದರಿಂದಲೇ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಎದ್ದಿತು. ಯುರೋಪಿನಲ್ಲಿ ಅದರ ಮನವಿಗೆ ಬಿದ್ದ ಸಹಿಗಳು 2025ರ ಜುಲೈನಲ್ಲಿ 10 ಲಕ್ಷ ದಾಟಿದವು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನೇ ಜಾರಿಯಲ್ಲಿದೆ. ಮಾರುತ್ತಿರುವುದು ಬರೀ ಲೈಸೆನ್ಸ್, ಅಂದರೆ ಆಡುವ ಅನುಮತಿ ಮಾತ್ರ ಆಗಿದ್ದರೆ ಅಂಗಡಿ ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಸ್ಟೀಮ್ ಕೂಡ ಈಗ ದುಡ್ಡು ಕಟ್ಟುವ ಪುಟದಲ್ಲೇ ಆ ಸಾಲು ಹಾಕುತ್ತದೆ. ಒಳ್ಳೆಯದೇ. ಆದರೆ ಹೇಳಿದ ಮಾತ್ರಕ್ಕೆ ಗೇಮ್ ನಮ್ಮದಾಗುವುದಿಲ್ಲ ಅಲ್ವಾ?

ಕಾಗದದ ಮೇಲೆ ನೋಡಿದರೆ ಜಿಒಜಿ ಕೊಡುವುದೂ ಲೈಸೆನ್ಸೇ. ಆಡಿ ಮುಗಿಸಿದ ಗೇಮನ್ನು ಇನ್ನೊಬ್ಬರಿಗೆ ಮಾರುವ ಹಾಗಿಲ್ಲ. ಡಿಸ್ಕ್ ಕಾಲದಲ್ಲಿ ಅರ್ಧ ಬೆಲೆಗೆ ಕೊಟ್ಟು ಬೇರೊಂದು ತರುತ್ತಿದ್ದೆವು, ಆ ಹಕ್ಕು ಇಲ್ಲೂ ಇಲ್ಲ. ಅದಕ್ಕೆ ಇದನ್ನು ಪೂರ್ತಿ ಒಡೆತನ ಅಂತ ನಾನು ಕರೆಯುವುದಿಲ್ಲ. ಆದರೆ ಫೈಲ್ ನನ್ನ ಕೈಯಲ್ಲಿದೆ, ಅದು ಯಾರ ಅಪ್ಪಣೆಯನ್ನೂ ಕೇಳದೆ ಓಡುತ್ತದೆ. ವಾರ್‌ಕ್ರಾಫ್ಟ್‌ನ ಮೊದಲ ಎರಡು ಗೇಮ್‌ಗಳನ್ನು 2024ರ ಡಿಸೆಂಬರ್‌ನಲ್ಲಿ ಜಿಒಜಿ ಮಾರಾಟದಿಂದ ತೆಗೆಯಬೇಕಾಗಿ ಬಂತು. ಮೊದಲೇ ಕೊಂಡವರ ಲೈಬ್ರರಿಯಲ್ಲಿ ಅವು ಹಾಗೇ ಉಳಿದವು.

ಜಿಒಜಿಯೂ ಒಮ್ಮೆ ದಾರಿ ತಪ್ಪಿತ್ತು. 2021ರಲ್ಲಿ ಹಿಟ್‌ಮ್ಯಾನ್ ಗೇಮನ್ನು ಮಾರಾಟಕ್ಕಿಟ್ಟರು. ಅದರ ಎಷ್ಟೋ ಭಾಗಗಳಿಗೆ ನೆಟ್ ಬೇಕಿತ್ತು. ಗ್ರಾಹಕರು ತಿರುಗಿಬಿದ್ದ ಮೇಲೆ ತೆಗೆದುಹಾಕಿದರು. ಗ್ರಾಹಕರು ಹೀಗೆ ಕಾವಲಿರುವುದು ನನಗೆ ತುಂಬ ಹಿಡಿಸಿದ ವಿಷಯ.

ಕೊರತೆಗಳೂ ಇವೆ. ಆನ್‌ಲೈನ್‌ನಲ್ಲಿ ಗೆಳೆಯರ ಜೊತೆ ಆಡುವುದೇ ನಿಮಗೆ ಮುಖ್ಯವಾದರೆ ಈ ಅಂಗಡಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ದೊಡ್ಡ ಕಂಪನಿಗಳ ಹೊಸ ಗೇಮ್‌ಗಳು ಎಷ್ಟೋ ಸಲ ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಗ್ಯಾಲಕ್ಸಿ ಅನ್ನುವ ಅವರ ಆಪ್ ಕಡ್ಡಾಯವಲ್ಲ, ಆದರೆ ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಅದನ್ನು ಮಾಡಿಲ್ಲ. ಒಂದು ಅನುಕೂಲ ಮಾತ್ರ ಇದೆ: ಇಷ್ಟವಾಗದಿದ್ದರೆ ವಾಪಸ್ ಕೊಡಲು 30 ದಿನ ಇದೆ, ಆಡಿದ ಮೇಲೂ ಕೊಡಬಹುದು. ಸ್ಟೀಮ್‌ನಲ್ಲಿ 14 ದಿನ, ಅದೂ 2 ಗಂಟೆಗಿಂತ ಕಡಿಮೆ ಆಡಿದ್ದರೆ.

ಕೊಳ್ಳುವವರಿಗೆ ಒಂದೆರಡು ಮಾತು. ಲೈಬ್ರರಿಯಲ್ಲಿ ಇದೆಯಲ್ಲ ಅಂತ ಸುಮ್ನೆ ಬಿಡಬೇಡಿ. ಇಳಿಸಿಕೊಳ್ಳದಿದ್ದರೆ ಇಲ್ಲಿ ಕೊಂಡ ಲಾಭ ಅರ್ಧವೂ ಸಿಗುವುದಿಲ್ಲ. ಒಂದು ಬಿನ್ ಫೈಲ್ ಬಿಟ್ಟುಹೋದರೂ ಇನ್‌ಸ್ಟಾಲ್ ಮಧ್ಯದಲ್ಲೇ ನಿಲ್ಲುತ್ತದೆ. ಅದಕ್ಕೆ ಎಲ್ಲ ನಂಬರ್‌ಗಳೂ ಬಂದಿವೆಯಾ ನೋಡಿ, ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ. ಹೊಸ ಗೇಮ್‌ಗೆ ತಿಂಗಳುಗಟ್ಟಲೆ ಪ್ಯಾಚ್, ಅಂದರೆ ತಪ್ಪು ತಿದ್ದುವ ಫೈಲ್, ಬರುತ್ತಿರುತ್ತದೆ, ಮೊದಲ ದಿನ ಇಳಿಸಿದ ಫೈಲಿನಲ್ಲಿ ಅವು ಇರುವುದಿಲ್ಲ. ಪ್ಯಾಚ್ ಬರುವುದು ನಿಂತ ಮೇಲೆ ಇನ್ನೊಮ್ಮೆ ಇಳಿಸಿ, ನೆಟ್ ಆಫ್ ಮಾಡಿ ಓಡಿಸಿ ನೋಡಿ. ಹಳೆಯದನ್ನು ಆಮೇಲೆ ಅಳಿಸಿದರಾಯಿತು.