ಎಂ2 ಕಾರಿಗೆ ಟೈರು: ಕೊಡಗಿನ ಮಳೆಯಲ್ಲಿ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್

ಜೋರು ಕಾರು ಇಟ್ಟುಕೊಂಡವರು ಟೈರು ಕೊಳ್ಳಲು ಹೋದರೆ ಮೊದಲು ಕೇಳುವುದು ಒಣ ರಸ್ತೆಯ ಹಿಡಿತ ಎಷ್ಟು ಅಂತ. ಕೊಡಗಿನಲ್ಲಿ ಇದ್ದುಕೊಂಡು ಅದನ್ನೇ ನೋಡಿ ಟೈರು ಹಾಕಿಸಿದರೆ ದುಡ್ಡು ದಂಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ರಸ್ತೆ ಒಣಗುವುದೇ ಅಪರೂಪ. ಮಳೆ ಬಿಟ್ಟ ಮೇಲೂ ಮರದ ನೆರಳಿನ ತಿರುವುಗಳಲ್ಲಿ ಮಧ್ಯಾಹ್ನದವರೆಗೆ ತೇವ ಹಾಗೇ ಇರುತ್ತದೆ. ಹಾಗಾಗಿ ನಾನು ನೋಡಿದ್ದು ಒಂದೇ: ನೀರು ನಿಂತ ರಸ್ತೆಯಲ್ಲಿ ಈ ಮಿಶೆಲಿನ್ 4ಎಸ್ ಟೈರು ಏನು ಮಾಡುತ್ತದೆ? ಉಳಿದದ್ದೆಲ್ಲ ಆಮೇಲೆ.

ನನ್ನದು ಬಿಎಂಡಬ್ಲ್ಯು ಎಂ2 ಕಾಂಪಿಟಿಷನ್. ಸೆಕೆಂಡ್ ಹ್ಯಾಂಡ್, ರೊಬಸ್ಟಾ ಕಾಫಿಗೆ ಒಳ್ಳೆ ರೇಟು ಬಂದಾಗ ತೆಗೆದುಕೊಂಡದ್ದು. ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ, 410 ಎಚ್‌ಪಿ, 550 ನ್ಯೂಟನ್ ಮೀಟರ್ ಟಾರ್ಕ್. ಅಷ್ಟೂ ಹೋಗುವುದು ಹಿಂದಿನ ಎರಡು ಚಕ್ರಕ್ಕೆ. ಕಾರು ನೋಡಿದ ನಮ್ಮ ಮಾವ ಕೇಳಿದ್ದು ಒಂದೇ ಮಾತು, "ಇದು ತೋಟದ ಗೇಟು ದಾಟುತ್ತಾ?" ದಾಟುತ್ತದೆ, ಸ್ವಲ್ಪ ಓರೆಯಾಗಿ.

ಕಾರಿನ ಜೊತೆ ಬಂದದ್ದು ಮಿಶೆಲಿನ್‌ನದೇ ಹಳೆಯ ಪೈಲಟ್ ಸೂಪರ್ ಸ್ಪೋರ್ಟ್. ಸೈಡ್‌ವಾಲ್, ಅಂದರೆ ಟೈರಿನ ಬದಿಯ ಮೇಲೆ ಸಣ್ಣ ನಕ್ಷತ್ರದ ಗುರುತು ಇತ್ತು. ಅದು ಬಿಎಂಡಬ್ಲ್ಯು ತನ್ನ ಕಾರಿಗೆಂದು ಒಪ್ಪಿದ ಟೈರು ಅನ್ನುವುದಕ್ಕೆ. ಒಳ್ಳೆ ಟೈರೇ, ಆದರೆ ಸವೆದಿತ್ತು, ರಬ್ಬರೂ ಗಟ್ಟಿಯಾಗಿತ್ತು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಹೇರ್‌ಪಿನ್ ದಾಟಿ ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಡ್ಯಾಶ್‌ಬೋರ್ಡಿನಲ್ಲಿ ಡಿಎಸ್‌ಸಿಯ (ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಹಳದಿ ದೀಪ ಮಿಣ ಮಿಣ. ಕಾರು ತಾನೇ ಪವರ್ ಕಡಿಮೆ ಮಾಡಿಕೊಂಡು ನಿಧಾನಕ್ಕೆ ಹೊರಡುತ್ತಿತ್ತು. 410 ಎಚ್‌ಪಿ ಇದ್ದೂ ಹಿಂದಿನ ಆಲ್ಟೊ ಹಾರ್ನ್ ಹೊಡೆಯುವ ಪರಿಸ್ಥಿತಿ!

ಹೊಸದು ಹುಡುಕಲು ಹೊರಟಾಗ ಗೆಳೆಯನೊಬ್ಬ ಮಿಶೆಲಿನ್‌ನದೇ ಕಪ್ 2 ಹಾಕಿಸು ಅಂದ. ಅವನು ಕೊಯಮತ್ತೂರಿನ ಟ್ರ್ಯಾಕಿಗೆ ಹೋಗುವವನು. ಪೈಲಟ್ ಸ್ಪೋರ್ಟ್ ಕಪ್ 2 ರಸ್ತೆಗೆ ಕಾನೂನುಬದ್ಧವಾದ ಟೈರೇ, ಬಿಸಿಯಾದ ಮೇಲೆ ಅದರ ಹಿಡಿತಕ್ಕೆ ಸಾಟಿಯಿಲ್ಲ. ಆದರೆ ಹೊಸದಾಗಿದ್ದಾಗಲೇ ನೀರು ಹೊರಹಾಕುವ ಅದರ ಗೀರು ಆಳ ಇಲ್ಲ, ಹೊರ ಅಂಚಿನಲ್ಲಿ ನೀರು ಹೋಗಲು ದಾರಿಯೂ ಕಡಿಮೆ. ಅಮೆರಿಕದ ಸವೆತದ ಅಳತೆಯಲ್ಲಿ ಕಪ್ 2ಗೆ 180, 4ಎಸ್‌ಗೆ 300. ನಂಬರ್ ಜಾಸ್ತಿ ಇದ್ದಷ್ಟೂ ಬಾಳಿಕೆ ಜಾಸ್ತಿ. ಡಿಸೆಂಬರ್ ಬೆಳಿಗ್ಗೆ ಮಂಜು ಸುರಿದ ರಸ್ತೆಯಲ್ಲಿ ಕಪ್ 2 ಬಿಸಿಯಾಗುವಷ್ಟರಲ್ಲಿ ನಾನು ಸುಂಟಿಕೊಪ್ಪ ತಲುಪಿರುತ್ತೇನೆ. ಟ್ರ್ಯಾಕಿಗೆ ಹೋಗುವವರಿಗೆ ಅದು ಸರಿ, ನಮಗಲ್ಲ.

ಪಿರೆಲ್ಲಿ ಪಿ ಝೀರೊ ನೋಡಿದೆ. ಅದರಲ್ಲಿ ಒಂದು ಕಿರಿಕಿರಿ ಇದೆ. ಒಂದೇ ಹೆಸರಿನಲ್ಲಿ ಹತ್ತಾರು ಬಗೆ ಬರುತ್ತದೆ. ಪೋರ್ಶೆಗೆ 'ಎನ್' ಗುರುತಿನದ್ದು, ಮರ್ಸಿಡಿಸ್‌ಗೆ 'ಎಂಒ', ಬಿಎಂಡಬ್ಲ್ಯುಗೆ ನಕ್ಷತ್ರ, ಆಡಿಗೆ 'ಎಒ'. ಒಳಗಿನ ಕಟ್ಟು, ರಬ್ಬರು ಎಲ್ಲ ಆ ಕಾರಿಗೆ ತಕ್ಕಂತೆ ಬೇರೆ ಬೇರೆ. ಅಂಗಡಿಯವರು ಮುಂದಕ್ಕೊಂದು ಗುರುತಿನದ್ದು, ಹಿಂದಕ್ಕೊಂದು ಗುರುತಿನದ್ದು ಕೊಟ್ಟರೆ ನೋಡಿ ಹಿಡಿಯುವುದು ನಮ್ಮ ಕೆಲಸ. ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7 ಮೇಲೆ ನಿಜವಾಗಿ ಮನಸ್ಸಿತ್ತು. ಮುಂದಿನ ಸೈಜೂ ಹಿಂದಿನ ಸೈಜೂ ಒಟ್ಟಿಗೆ ಸಿಗಲಿಲ್ಲ.

ಈ ಸೈಜಿನ ವಿಷಯ ಸ್ವಲ್ಪ ಹೇಳಬೇಕು. ಎಂ2ಗೆ ಮುಂದೆ 245/35 ಆರ್19, ಹಿಂದೆ 265/35 ಆರ್19. ಅಂದರೆ ಹಿಂದಿನ ಟೈರು ಜಾಸ್ತಿ ಅಗಲ, ಹಾಗಾಗಿ ಮುಂದಿನದನ್ನು ಹಿಂದೆ ಹಾಕಿ ಸವೆತ ಸರಿದೂಗಿಸುವ ಆಟ ನಡೆಯುವುದಿಲ್ಲ. ಮೇಲಾಗಿ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರಿನ ಆಮದನ್ನು ನಿರ್ಬಂಧದ ಪಟ್ಟಿಗೆ ಹಾಕಿತು, ತರಿಸಬೇಕಾದರೆ ಲೈಸೆನ್ಸ್ ಬೇಕು. ಇಂಥ ಸೈಜು ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ರ‍್ಯಾಕಿನಲ್ಲಿ ಇರುತ್ತದೆ ಅಂದುಕೊಳ್ಳಬೇಡಿ. ಥಾರ್ ಟೈರು ಬೇಕಾದಷ್ಟು ಇದೆ.

ಮೈಸೂರಿನ ಒಂದು ಅಂಗಡಿಯಲ್ಲಿ 4ಎಸ್ ಇದೆ ಅಂದರು, ಹೋದೆ. ಟೈರು ಫಳಫಳ ಹೊಳೆಯುತ್ತಿತ್ತು. ಸೈಡ್‌ವಾಲ್ ಮೇಲೆ 'ಡಾಟ್' ಅಂತ ಶುರುವಾಗುವ ಸಾಲು ಇರುತ್ತದಲ್ಲ, ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 1424 ಅಂದರೆ 2024ರ 14ನೇ ವಾರ. ಇದು ಟೈರಿನ ಒಂದು ಬದಿಗೆ ಮಾತ್ರ ಪೂರ್ತಿ ಇರುವುದೂ ಉಂಟು. ಅಂಗಡಿಯವರು ತೋರಿಸಿದ್ದು ಅಂಕಿ ಇಲ್ಲದ ಬದಿ. ತಿರುಗಿಸಿ ಅಂದೆ. "ಎಲ್ಲಾ ಒಂದೇ ಸರ್" ಅಂದರು. ಕೊನೆಗೆ ತಿರುಗಿಸಿದರೆ ಎರಡು ಟೈರು ಹೊಸದು, ಎರಡು ನಾಲ್ಕು ವರ್ಷ ಹಳೆಯದು. ರೇಟು ಮಾತ್ರ ನಾಲ್ಕಕ್ಕೂ ಒಂದೇ. ನಮಸ್ಕಾರ ಹೇಳಿ ಬಂದೆ. ಆಮೇಲೆ ಬೆಂಗಳೂರಿನಿಂದ ತರಿಸಿದೆ. ನಾಲ್ಕಕ್ಕೆ ಲಕ್ಷದ ಮೇಲೆ ಚೆನ್ನಾಗಿಯೇ ಹೋಯಿತು.

ಹಾಕಿಸಿದ್ದು ಮಾತ್ರ ನಮ್ಮೂರ ಹತ್ತಿರದ ಅಂಗಡಿಯಲ್ಲೇ. ಅಲ್ಲಿನ ಇಕ್ಕಾ (ನಾವು ಅಣ್ಣ ಅನ್ನುವ ಹಾಗೆ) ಲಾರಿ ಟೈರು ಬಿಚ್ಚುವವರು, ಆದರೆ ಕೈ ತುಂಬ ನಾಜೂಕು. ರಿಮ್ಮಿನ ಅಂಚಿಗೆ ಪ್ಲಾಸ್ಟಿಕ್ ಕವಚ ಸಿಗಿಸಿ, ಸೋಪು ನೀರು ಹಚ್ಚಿ, ಒಂದು ಗೀರೂ ಬೀಳದ ಹಾಗೆ ಏರಿಸಿದರು. 4ಎಸ್‌ನಲ್ಲಿ ಒಳಗಿನ ಅರ್ಧದ ರಬ್ಬರು ಬೇರೆ, ಹೊರಗಿನ ಅರ್ಧದ್ದು ಬೇರೆ. ಒಳಗಿನದು ಒದ್ದೆ ರಸ್ತೆಗೆ, ಹೊರಗಿನದು ತಿರುವಿನಲ್ಲಿ ಭಾರ ಹೊರಲು. ಅದಕ್ಕೇ 'ಔಟ್‌ಸೈಡ್' ಅಂತ ಬರೆದ ಬದಿ ಹೊರಗೇ ಬರಬೇಕು. ನಾನು ಬಾಯಿ ತೆರೆಯುವ ಮೊದಲೇ ಅವರು ಅದನ್ನು ಬೆರಳಿಟ್ಟು ತೋರಿಸಿದರು. ಆಮೇಲೆ ಬೆಲೆ ಕೇಳಿ, "ಒಂದಕ್ಕಾ, ನಾಲ್ಕಕ್ಕಾ?" ಅಂದರು. ಒಂದಕ್ಕೆ ಅಂದಾಗ ಸುಮ್ಮನೆ ಟೀ ತರಿಸಿದರು.

ಇನ್ನು ರಸ್ತೆಯ ವಿಷಯ. ವಿರಾಜಪೇಟೆಯಿಂದ ಕೇರಳದ ಕಡೆಗೆ, ಪೆರುಂಬಾಡಿ ದಾಟಿ ಮಾಕುಟ್ಟ ಕಡೆ ಇಳಿಯುವ ದಾರಿ ಗೊತ್ತಿದ್ದವರಿಗೆ ನಾನು ಜಾಸ್ತಿ ಹೇಳಬೇಕಿಲ್ಲ. ಎರಡೂ ಕಡೆ ಕಾಡು, ಅಂಚಿನಲ್ಲಿ ಪಾಚಿ, ಡಾಂಬರಿನ ಮೇಲೆ ಕೊಳೆತ ಎಲೆ, ಅಲ್ಲಲ್ಲಿ ಅಡ್ಡ ಹರಿಯುವ ನೀರು. ಕಕ್ಕಡದ, ಅಂದರೆ ಜುಲೈ ಆಗಸ್ಟ್ ಹೊತ್ತಿನ ಮಳೆಯಲ್ಲಿ ಅಲ್ಲಿ ಹೋಗಿ ಬಂದ ಮೇಲೆ ಈ ಟೈರಿನ ಮೇಲೆ ನಂಬಿಕೆ ಬಂತು. ಬ್ರೇಕ್ ಒತ್ತಿದರೆ ಎಬಿಎಸ್ (ಬ್ರೇಕಿನಲ್ಲಿ ಚಕ್ರ ಕಚ್ಚಿಕೊಳ್ಳದಂತೆ ನೋಡುವುದು) ಕಟಕಟ ಅನ್ನುವುದು ಬಹಳ ತಡವಾಗಿ. ತಿರುವಿನಿಂದ ಹೊರಬರುವಾಗ ಹಳದಿ ದೀಪ ಹತ್ತುವುದೇ ಅಪರೂಪ, ಹತ್ತಿದರೂ ಒಂದು ಕ್ಷಣ. ಹಿಂಭಾಗ ಜಾರುವ ಮೊದಲು ಸೀಟಿನಲ್ಲೇ ಗೊತ್ತಾಗುತ್ತದೆ. ಹಳೆಯದರಲ್ಲಿ ಜಾರಿದ ಮೇಲೆ ಗೊತ್ತಾಗುತ್ತಿತ್ತು.

ನಾಗರಹೊಳೆ ಕಾಡಿನ ಆನೆಚೌಕೂರು ರಸ್ತೆಯಲ್ಲಿ ಬ್ರೇಕಿನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ತಿರುವಿನ ಆಚೆ ಆನೆ ನಿಂತಿರಬಹುದು. ಆನೆ ಇಲ್ಲದಿದ್ದರೆ ಅದರ ಲದ್ದಿ ಇರುತ್ತದೆ. ಮಳೆಯಲ್ಲಿ ಲದ್ದಿಯ ಮೇಲೆ ಚಕ್ರ ಹತ್ತಿದರೆ ಯಾವ ದೇಶದ ಟೈರಾದರೂ ಅಷ್ಟೇ. ತೋಟದ ಗೇಟಿನ ಮುಂದೆ ಟ್ರ್ಯಾಕ್ಟರ್ ಬಿಟ್ಟುಹೋದ ಕೆಂಪು ಕೆಸರೂ ಹಾಗೇ. ಅಲ್ಲಿ 4ಎಸ್ ಕೂಡ ಬೆಣ್ಣೆಯ ಮೇಲೆ ಓಡಿದ ಹಾಗೆ ಆಡುತ್ತದೆ. ಗೀರುಗಳಲ್ಲಿ ಕೆಸರು ತುಂಬಿಕೊಂಡರೆ ಸ್ವಲ್ಪ ದೂರ ಸ್ಟೀಯರಿಂಗ್ ಮೇಲೆ ಭರವಸೆ ಇಡಬೇಡಿ. ಇದು ಈ ಟೈರಿನ ದೋಷ ಅಲ್ಲ, ಎಲ್ಲ ಅಗಲ ಟೈರಿನ ಜಾತಿಗುಣ. ನಿಂತ ನೀರಿನ ಮೇಲೂ ಅಗಲ ಟೈರು ಬೇಗ ತೇಲುತ್ತದೆ. ಅದಕ್ಕೇ ಗೀರಿನ ಆಳ ಮುಖ್ಯ. ಕಾನೂನಿನ ಪ್ರಕಾರ 1.6 ಮಿಲಿಮೀಟರ್‌ವರೆಗೆ ಓಡಿಸಬಹುದು. ನಮ್ಮೂರಲ್ಲಿ ಅಷ್ಟು ಕಾಯಬಾರದು. 3 ಮಿಲಿಮೀಟರ್‌ಗೆ ಬಂದಾಗ ಬದಲಾಯಿಸುವುದೇ ಸರಿ. ನಾಲ್ಕೂ ಒಂದೇ ಸೈಜಿನ ಕಾರಿನಲ್ಲಿ ಎರಡೇ ಬದಲಾಯಿಸುವುದಾದರೆ ಹೊಸದು ಯಾವಾಗಲೂ ಹಿಂದಕ್ಕೆ.

ಗೋಳುಗಳೂ ಇವೆ. ಒಂದು, ಸದ್ದು. ಮಡಿಕೇರಿ ಕಡೆಯ ಒರಟು ಡಾಂಬರಿನ ಮೇಲೆ ಗುಂಯ್ ಅನ್ನುತ್ತದೆ, ಹಾಡು ಕೇಳಬೇಕಾದರೆ ವಾಲ್ಯೂಮ್ ಏರಿಸಬೇಕು. ಸಣ್ಣ ಜಲ್ಲಿ ಗೀರಿನಲ್ಲಿ ಸಿಕ್ಕಿಕೊಂಡು ಟಿಕ್ ಟಿಕ್ ಅನ್ನುತ್ತಾ ಕೊನೆಗೆ ವೀಲ್ ಆರ್ಚಿಗೆ ಹಾರುತ್ತದೆ. ಇನ್ನೊಂದು, ಗುಂಡಿ. ಹಿಂದಿನ ಟೈರಿನ ಸೈಡ್‌ವಾಲ್ ಎತ್ತರ ಬರೀ ಒಂಬತ್ತು ಸೆಂಟಿಮೀಟರ್ ಚಿಲ್ಲರೆ. ನೀರು ತುಂಬಿದ ಗುಂಡಿಗೆ ಜೋರಾಗಿ ಇಳಿಸಿದರೆ ಬದಿಯಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರನ್ನು ರಿಪೇರಿ ಮಾಡುವ ಹಾಗಿಲ್ಲ, ಎಸೆಯಬೇಕು. ಎಕ್ಸ್‌ಎಲ್ ಅಂತ ಬರೆದದ್ದು ಜಾಸ್ತಿ ಭಾರ ಹೊರುವ ಕಟ್ಟು, ಗುಂಡಿಗೆ ಗ್ಯಾರಂಟಿ ಅಲ್ಲ. ಈ ಕಾರಿಗೆ ಸ್ಟೆಪ್ನಿಯೂ ಇಲ್ಲ, ಬರೀ ಅಂಟಿನ ಬಾಟಲಿ ಮತ್ತು ಪಂಪು. ಮಾಕುಟ್ಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಗೊತ್ತಲ್ವಾ?

ಗಾಳಿಯ ವಿಷಯ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. ಮೈಸೂರಿನ ಬಿಸಿಲಲ್ಲಿ ಗಾಳಿ ಹಿಡಿಸಿಕೊಂಡು ಬಂದು ಮರುದಿನ ಬೆಳಿಗ್ಗೆ ಮಡಿಕೇರಿಯಲ್ಲಿ ನೋಡಿ, ಕಡಿಮೆ ತೋರಿಸುತ್ತದೆ. ಲೀಕ್ ಅಲ್ಲ. ಹತ್ತು ಡಿಗ್ರಿ ತಂಪಾದರೆ ಒಂದೂವರೆ ಪಿಎಸ್‌ಐ ಆಸುಪಾಸು ಇಳಿಯುತ್ತದೆ. ಬೆಳಿಗ್ಗೆ ಕಾರು ಹೊರಡುವ ಮೊದಲೇ ಅಳೆಯಿರಿ. ಬಾಗಿಲ ಬಳಿಯ ಚೀಟಿಯಲ್ಲಿ ಬರೆದದ್ದನ್ನೇ ಇಡಿ.

ಟೈರಿನ ಮೇಲೆ ಬರೆದ 'ವೈ' ಅಂದರೆ ಗಂಟೆಗೆ 300 ಕಿಲೋಮೀಟರ್ ತಾಳುತ್ತದೆ ಅಂತ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೇ ಮಿತಿ 100. ಹಾಗಾದರೆ ಇಷ್ಟು ದುಡ್ಡು ಯಾಕೆ ಅಂತ ಮನೆಯಲ್ಲಿ ಕೇಳಿದರು. ವೇಗಕ್ಕಲ್ಲ, ಮಳೆಯಲ್ಲಿ ನಿಲ್ಲುವುದಕ್ಕೆ ಅಂದೆ. ಅರ್ಧ ನಂಬಿದರು.

ಹಿಂದಿನ ಎರಡು ಬೇಗ ಸವೆಯುತ್ತಿವೆ. ಬಲ ಪೂರ್ತಿ ಅಲ್ಲಿಗೇ ಹೋಗುವಾಗ ಅದು ಸಹಜ. ಮುಂದಿನವುಗಳ ಒಳ ಅಂಚು ಸ್ವಲ್ಪ ತಿಂದಿದೆ, ಅಲೈನ್‌ಮೆಂಟ್ ಮಾಡಿಸಬೇಕು. ಮುಂದಿನ ಮಳೆಗಾಲಕ್ಕೆ ಮೊದಲು ಹಿಂದಿನ ಎರಡಕ್ಕೆ ಮತ್ತೆ 4ಎಸ್ ಹಾಕಿಸುತ್ತೇನೆ. ನಾಲ್ಕನ್ನೂ ಬದಲಾಯಿಸುವ ಹೊತ್ತಿಗೆ ಕಾಂಟಿನೆಂಟಲ್ ಎರಡೂ ಸೈಜಿನಲ್ಲಿ ಸಿಕ್ಕರೆ ಅದನ್ನೊಮ್ಮೆ ನೋಡುವ ಆಸೆ ಇದೆ. ತಾರೀಖಿನ ಅಂಕಿ ಮಾತ್ರ ಮೊದಲೇ ಫೋಟೊ ಕಳಿಸಿ ಅಂತ ಹೇಳುತ್ತೇನೆ.