ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ: ನಾಲ್ಕು ಮಳೆಗಾಲ ಬಳಸಿದ ಮೇಲೆ

500 ಮಿ.ಲೀ. ಡಬ್ಬಿ, ತುದಿಗೆ ಸಿಕ್ಕಿಸುವ ಸಣ್ಣ ಕೆಂಪು ನಳಿಗೆ. ಬಳಸಿದ್ದು ಕಾರವಾರ, ಶಿರಸಿ ಎರಡೂ ಕಡೆ, 100ರಿಂದ 150 ಸಿ.ಸಿ.ಯ ಹಳೇ ಬೈಕುಗಳಿಗೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲಿನ ಹೆಚ್ಚಿನ ಬೈಕುಗಳಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರೇ ಇಲ್ಲ. ಅವಕ್ಕೆ ಇದು ಬೇಡ.

ಏರ್ ಫಿಲ್ಟರ್ ಬಿಚ್ಚಿ ಕಾರ್ಬೊರೇಟರಿನ ಬಾಯಿಗೆ ಸುಮ್ಮನೆ ಸ್ಪ್ರೇ ಹೊಡೆದರೆ ದುಡ್ಡು ದಂಡ. ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗಲೂ ಎಂಜಿನ್ ಓಡುತ್ತಿರುವುದು, ನಡೆಯುವುದು ಸ್ಲೋ ಜೆಟ್ ಎಂಬ ಪೆಟ್ರೋಲ್ ಬಿಡುವ ಸಣ್ಣ ಹಿತ್ತಾಳೆ ನಳಿಗೆಯಿಂದ. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು, ಇರುವುದು ಕೆಳಗಿನ ಬೌಲ್‌ನ ಪೆಟ್ರೋಲಿನೊಳಗೆ. ಮೇಲಿಂದ ಹೊಡೆದದ್ದು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ.

ಡಬ್ಬಿಯ ಬೆಲೆ ತೀರುವುದು ದೋಷ ಹುಡುಕುವಾಗ. ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಎಳೆದರೆ ಎಂಜಿನ್ ಓಡುತ್ತಿರುತ್ತದೆ, ಬಿಟ್ಟರೆ ಆಫ್ ಆಗುತ್ತದೆ ಎಂದರೆ ಪೆಟ್ರೋಲ್ ಸಾಲುತ್ತಿಲ್ಲ. ಒಂದೋ ಸ್ಲೋ ಜೆಟ್ ಕಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿಟ್ಟು, ಕಾರ್ಬೊರೇಟರ್ ಎಂಜಿನ್ನಿಗೆ ಕೂಡುವ ಜಾಗದಲ್ಲಿ ಒಂದೇ ಒಂದು ಸಣ್ಣ ಪಿಚಕಾರಿ ಕೊಡಿ. ಸದ್ದು ಏರಿದರೆ ಎಂಜಿನ್ ಆ ಸ್ಪ್ರೇಯನ್ನು ಒಳಗೆಳೆದು ಉರಿಸುತ್ತಿದೆ, ಅಲ್ಲಿ ಗಾಳಿ ತಡೆಯುವ ಓ-ರಿಂಗ್ ಅಥವಾ ಗ್ಯಾಸ್ಕೆಟ್ ಹೋಗಿದೆ. ಜೆಟ್ ಬಿಚ್ಚುವ ಮೊದಲು ಅದನ್ನು ಬದಲಿಸಿ. ಸೈಲೆನ್ಸರ್ ಕಡೆ ಒಂದು ಹನಿಯೂ ಬೀಳಬಾರದು, ಇದು ಪೆಟ್ರೋಲಿನಂತೆಯೇ ಹೊತ್ತಿಕೊಳ್ಳುತ್ತದೆ. ಪ್ಲಗ್ ಕ್ಯಾಪ್ ಕಿಡಿ ಬಿಡುವ ಗಾಡಿಗೆ ಈ ಪರೀಕ್ಷೆಯೇ ಬೇಡ.

ಪ್ಲಗ್ ಕಪ್ಪು ಮಸಿಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಕಥೆ ಉಲ್ಟಾ, ಪೆಟ್ರೋಲ್ ಹೆಚ್ಚಾಗುತ್ತಿದೆ. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸೋರುತ್ತಿರಬಹುದು, ಚೋಕ್ ಪೂರ್ತಿ ಬಿಡದಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ಸೂಜಿಯ ತುದಿಯಲ್ಲಿ ಸವೆದ ಗೆರೆ ಕಂಡರೆ ಯಾವ ಸ್ಪ್ರೇಯೂ ಅದನ್ನು ಸರಿ ಮಾಡದು. ಶಿರಸಿಯ ಎತ್ತರಕ್ಕೆ ಟ್ಯೂನಿಂಗ್ ತಪ್ಪಿತು ಅನ್ನುವವರಿದ್ದಾರೆ. ಸುಮಾರು 600 ಮೀಟರಿಗೆ ಜೆಟ್ ಬದಲಿಸುವಷ್ಟು ವ್ಯತ್ಯಾಸ ಆಗುವುದಿಲ್ಲ. ದೇವಿಮನೆ ಘಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರ್ ಪಟಪಟ ಅಂದರೆ ಸ್ಲೋ ಜೆಟ್ಟನ್ನೂ ಸೈಲೆನ್ಸರ್ ಗ್ಯಾಸ್ಕೆಟ್ಟನ್ನೂ ನೋಡಿ.

ನಮ್ಮ ಕಡೆಯ ದೊಡ್ಡ ಶತ್ರು ನೀರು. ಟ್ಯಾಂಕ್ ಮುಚ್ಚಳದ ಸುತ್ತಲಿನ ಸಣ್ಣ ತೂತಿಗೆ ಮಣ್ಣು ಕಟ್ಟಿದರೆ ಮಳೆನೀರು ನಿಂತು ಒಳಗೆ ಇಳಿಯುತ್ತದೆ. ಈಗಿನ ಪೆಟ್ರೋಲಿನ ಎಥನಾಲ್ ಬೇರೆ ತೇವ ಹೀರುತ್ತದೆ. ಹೀರಿದ್ದು ಹೆಚ್ಚಾದಾಗ ನೀರು, ಎಥನಾಲ್ ಎರಡೂ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಬೌಲ್‌ನ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದು ಐದು ನಿಮಿಷ ಬಿಡಿ. ತಳದಲ್ಲಿ ನೀರು ಮಣಿಮಣಿಯಾಗಿ ಉರುಳಿದರೆ, ಇಲ್ಲವೇ ಮಬ್ಬಾದ ಪದರ ಕಂಡರೆ, ಟ್ಯಾಂಕ್ ಖಾಲಿ ಮಾಡದೆ ಕಾರ್ಬೊರೇಟರ್ ತೊಳೆದು ಪ್ರಯೋಜನವಿಲ್ಲ.

ಬೌಲ್ ಸ್ಕ್ರೂಗಳಿಗೆ ತಲೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ಇಲ್ಲದಿದ್ದರೆ ಚಡಿ ಸವೆದು ಕಗ್ಗಂಟಾಗುತ್ತದೆ. ಸ್ಲೋ ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ದುಂಡನೆಯ ಚುಕ್ಕಿ ಪೂರ್ತಿ ಕಾಣಬೇಕು. ಅರ್ಧಚಂದ್ರ ಕಂಡರೂ ಅದು ಕಟ್ಟಿದೆ. ಹತ್ತು ನಿಮಿಷ ಸ್ಪ್ರೇಯಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹಿಡಿಸಿ. ಉಕ್ಕಿನ ತಂತಿ ತೂರಿಸಿದರೆ ಹಿತ್ತಾಳೆ ತೂತು ದೊಡ್ಡದಾಗಿ ಮೈಲೇಜ್ ಹೋಗುತ್ತದೆ. ಜೆಟ್ ಕೂರುವ ಗುಂಡಿಯಿಂದ ಸ್ಪ್ರೇ ಹೊಡೆದಾಗ ಎಂಜಿನ್ ಕಡೆಯ ಸಣ್ಣ ತೂತಿನಿಂದ ಚಿಮ್ಮಬೇಕು. ಅದು ನೇರ ಕಣ್ಣಿಗೇ ಬರುತ್ತದೆ, ಕನ್ನಡಕ ಹಾಕಿಕೊಳ್ಳಿ.

ಹಳೇ ಪೆಟ್ರೋಲಿನ ಅಂಟು ಈ ಸ್ಪ್ರೇಗೆ ಚೆನ್ನಾಗಿ ಕರಗುತ್ತದೆ. ಉಪ್ಪುಗಾಳಿ, ನೀರು ಸೇರಿ ಬೌಲ್‌ನಲ್ಲಿ ಎಬ್ಬಿಸಿದ ಬಿಳಿ ಪುಡಿ, ಹಿತ್ತಾಳೆಯ ಹಸಿರು ಕಿಲುಬು ಮಾತ್ರ ಜಗ್ಗುವುದಿಲ್ಲ. ಜೆಟ್ ಹೊಸದು ಹಾಕುವುದೇ ಸರಿ. ಈ ಸ್ಪ್ರೇ ರಬ್ಬರನ್ನಂತೂ ಉಬ್ಬಿಸುತ್ತದೆ. ಓ-ರಿಂಗ್‌ಗಳನ್ನೂ, ಸಿ.ವಿ. ಮಾದರಿಯ ಕಾರ್ಬೊರೇಟರಿನ ಡಯಾಫ್ರಾಮ್ ಎಂಬ ತೆಳು ರಬ್ಬರ್ ಹಾಳೆಯನ್ನೂ ತೆಗೆದಿಟ್ಟೇ ಹೊಡೆಯಬೇಕು.

ಜೋಡಿಸಿದ ಮೇಲೆ ಗಾಳಿ-ಪೆಟ್ರೋಲ್ ಮಿಶ್ರಣದ ಸ್ಕ್ರೂವನ್ನು ಹಗುರಾಗಿ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ ಬನ್ನಿ. ಬಿಸಿ ಎಂಜಿನ್ನಿನಲ್ಲಿ ಸದ್ದು ಅತಿ ಹೆಚ್ಚಾಗುವ ಜಾಗ ಹುಡುಕಿ, ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ 1,400 ಆರ್‌ಪಿಎಂ ಆಸುಪಾಸಿಗೆ ಇಳಿಸಿ. ಮಿಶ್ರಣದ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಒಳಗೆ ತಿರುಗಿಸಿದಷ್ಟೂ ಪೆಟ್ರೋಲ್ ಹೆಚ್ಚು, ಎಂಜಿನ್ ಕಡೆ ಇದ್ದರೆ ಹೊರಗೆ ತಿರುಗಿಸಿದಷ್ಟೂ ಹೆಚ್ಚು.

ಒಂದು ಡಬ್ಬಿ ನಾಲ್ಕೈದು ಸಲಕ್ಕೆ ಬರುತ್ತದೆ. ಕರಾವಳಿಯಲ್ಲಿ ಡಬ್ಬಿಯ ಅಡಿಗೇ ತುಕ್ಕು ಹಿಡಿಯುವುದರಿಂದ ನೆಲದ ಮೇಲಿಡದೆ ಹಲಗೆಯ ಮೇಲಿಡಿ. ಬಚ್ಚಲ ಒಲೆಯ ಹತ್ತಿರವಂತೂ ಬೇಡವೇ ಬೇಡ.