ಒಂದೇ ಟೊಂಕಕ್ಕೆ ಎರಡು ಆಪರೇಷನ್: ಡಿಸ್ಕ್ ತೆಗೆಸಿದ್ದು, ರಾಡ್ ಹಾಕಿಸಿದ್ದು

ನನ್ನ ಟೊಂಕಕ್ಕೆ ಎರಡು ಸಲ ಕತ್ತರಿ ಬಿದ್ದಿದೆ. ಮೊದಲನೆಯದು 2016ರ ಡಿಸೆಂಬರ್‌ನಲ್ಲಿ, ಕಲಬುರಗಿಯಲ್ಲೇ. ಜಾರಿದ ಡಿಸ್ಕಿನ, ಅಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯ, ತುಂಡು ತೆಗೆದರು. ಎರಡನೆಯದು 2023ರ ಫೆಬ್ರುವರಿಯಲ್ಲಿ, ಹೈದರಾಬಾದಿನಲ್ಲಿ. ಸ್ಕ್ರೂ, ರಾಡ್ ಹಾಕಿ ಎರಡು ಮಣಿಗಳನ್ನು ಒಂದು ಮಾಡಿದರು. ಎರಡೂ ಸಲ ಜಾಗ ಒಂದೇ: ಎಲ್4-ಎಲ್5, ಅಂದರೆ ಟೊಂಕದ ಐದು ಮಣಿಗಳಲ್ಲಿ ಕೆಳಗಿನ ಎರಡರ ನಡುವೆ. ನಾನು ಬ್ರಹ್ಮಪುರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಈಗ ಓಣಿಯಲ್ಲಿ, ಬಳಗದಲ್ಲಿ ಯಾರಿಗೆ ಟೊಂಕಬ್ಯಾನಿ ಬಂದರೂ ಎಂಆರ್‌ಐ ಫಿಲ್ಮ್ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. "ಅಕ್ಕಾ, ಸಣ್ಣ ಆಪರೇಷನ್ ಚಲೋನೋ, ರಾಡ್ ಹಾಕಿಸೋದು ಚಲೋನೋ?" ಅನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು: ನಿಮಗ ಬ್ಯಾನಿ ಟೊಂಕದಾಗ ಹೆಚ್ಚೋ, ಕಾಲಾಗ ಹೆಚ್ಚೋ?

ಮೊದಲ ಸಲ ನನ್ನದು ಕಾಲಿನ ನೋವು. ಎಡ ಪಿರ್ರೆಯಿಂದ ತೊಡೆಯ ಹೊರಮೈ ಹಿಡಿದು ಹೆಬ್ಬೆರಳಿನ ತನಕ ಕರೆಂಟ್ ಹೊಡೆದಂತೆ ಜಗ್ಗುತ್ತಿತ್ತು. ಕೆಮ್ಮಿದರೆ ಕಣ್ಣಲ್ಲಿ ನೀರು. ಬರುಬರುತ್ತ ಹೆಬ್ಬೆರಳು ಮೇಲೆತ್ತಲು ಬರದಾಯಿತು, ಚಪ್ಪಲಿ ಜಾರಿ ಹಿಂದೆ ಉಳಿದರೂ ತಿಳಿಯುತ್ತಿರಲಿಲ್ಲ, ಮಷೀನಿನ ಪೆಡಲ್ ಮೇಲೆ ಕಾಲು ಎಲ್ಲಿದೆ ಅಂತ ಬಗ್ಗಿ ನೋಡಬೇಕಾಗುತ್ತಿತ್ತು. ಡಿಸ್ಕಿನ ಒಳಗಿನ ಮೆತ್ತನೆಯ ಭಾಗ ಹೊರಬಂದು ನರದ ಬುಡವನ್ನು ಒತ್ತಿದರೆ ಹೀಗಾಗುತ್ತದೆ. ಇಂಥ ನೋವು ಬಹಳ ಜನರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ಇಳಿದುಹೋಗುತ್ತದೆ. ನನಗೆ ಬೆರಳಿನ ಶಕ್ತಿಯೇ ಹೋಗುತ್ತಿದ್ದುದರಿಂದ ಡಾಕ್ಟರು ಕಾಯಬೇಡಿ ಅಂದರು. ಅದಕ್ಕೂ ಮೊದಲು ಕಾಲು ಮುಂದಾಗಿ ಹುಟ್ಟಿದವರ ಕೈಲಿ ಟೊಂಕಕ್ಕೆ ಒದಿಸಿಕೊಂಡದ್ದೂ ಆಗಿತ್ತು, ಎಣ್ಣೆ ತಿಕ್ಕಿಸಿಕೊಂಡದ್ದೂ ಆಗಿತ್ತು. ಕಾಲಿನ ಶಕ್ತಿ ಕಡಿಮೆಯಾಗುತ್ತಿರುವವರು ದಯವಿಟ್ಟು ಅದನ್ನು ಮಾಡಿಸಬೇಡಿ. ಮೂತ್ರ ಕಟ್ಟಿದರೆ, ತಡೆಯಲು ಬರದಿದ್ದರೆ, ಕೂರುವ ಜಾಗ ಮರಗಟ್ಟಿದರೆ ಬೆಳಗಾಗಲಿ ಅಂತ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಎರಡನೇ ಸಲ ಬಂದದ್ದು ಬೇರೆಯೇ ನೋವು. ಕೂತು ಏಳುವಾಗ ಟೊಂಕದ ನಡುವೆ ಏನೋ ಕಳಚಿದಂತೆ, ಕೆಳಗಿನ ಅರ್ಧ ಮೈ ನನ್ನದಲ್ಲ ಅನ್ನಿಸುವಂತೆ. ಊರಿನ ಸೂಪರ್ ಮಾರ್ಕೆಟ್ ಪೇಟೆಗೆ ಲೈನಿಂಗ್ ಬಟ್ಟೆ ತರಲು ಹೋದರೆ ಹತ್ತು ನಿಮಿಷಕ್ಕೆ ಎರಡೂ ಕಾಲು ಭಾರ. ಅಂಗಡಿಯ ಕಟ್ಟೆ ಮೇಲೆ ಮುಂದಕ್ಕೆ ಬಾಗಿ ಕೂತರೆ ಮಾತ್ರ ಆರಾಮ. ಎಂಆರ್‌ಐಯನ್ನು ಮಲಗಿಸಿ ತೆಗೆಯುತ್ತಾರೆ, ಅದರಲ್ಲಿ ದೊಡ್ಡದೇನೂ ಕಾಣಲಿಲ್ಲ. ನಿಂತು ಮುಂದೆ ಬಾಗಿ ಒಂದು, ಹಿಂದೆ ಬಾಗಿ ಒಂದು ಎಕ್ಸ್‌ರೇ ತೆಗೆದಾಗ ಮೇಲಿನ ಮಣಿ ಕೆಳಗಿನದರ ಮೇಲೆ ಮುಂದಕ್ಕೆ ಜಾರುವುದು ನನ್ನ ಕಣ್ಣಿಗೇ ಕಂಡಿತು. ಟೊಂಕ ಕಳಚಿದಂತಾಗುತ್ತದೆ ಅನ್ನುವವರು ರಾಡ್ ಹಾಕಿಸಲು ಒಪ್ಪುವ ಮೊದಲು ಈ ಎಕ್ಸ್‌ರೇ ಆಗಿದೆಯೇ ಅಂತ ಕೇಳಲೇಬೇಕು. ನಡುವೆ 2022ರಲ್ಲಿ ಬೆನ್ನಿಗೆ ಸ್ಟೆರಾಯ್ಡ್ ಇಂಜೆಕ್ಷನ್ ತೆಗೆದುಕೊಂಡಿದ್ದೆ. ಎರಡೂವರೆ ತಿಂಗಳು ಕಾಲು ಹಗುರವಾಯಿತು, ಕಳಚುವುದು ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಇಂಜೆಕ್ಷನ್ ನರದ ಊತ ಇಳಿಸೀತು, ಜಾರುವ ಮಣಿಯನ್ನು ಹಿಡಿಯಲಾರದು.

ಮೊದಲನೇ ಆಪರೇಷನ್ನೇ ತಪ್ಪಾಯಿತೇ ಅಂತ ನನ್ನ ಮನೆಯವರು ಡಾಕ್ಟರನ್ನು ಕೇಳಿದರು. ಹಾಗೆ ಹೇಳಲಾಗದು ಅಂದರು. ಡಿಸ್ಕ್ ತೆಗೆಸಿಕೊಂಡವರಲ್ಲಿ 100ಕ್ಕೆ 5ರಿಂದ 15 ಜನರಿಗೆ ಅದೇ ಜಾಗದಲ್ಲಿ ಮತ್ತೆ ಡಿಸ್ಕ್ ಹೊರಬರುತ್ತದೆ, ಕೆಲವರಿಗೆ ಮಣಿಯ ಬಿಗಿಯೂ ಸಡಿಲಾಗುತ್ತದೆ.

ಈಗ ಆಪರೇಷನ್ ವಿಷಯ. 2016ರದ್ದು ಸುಮಾರು ಒಂದು ತಾಸು, ಒಂದೂವರೆ ಇಂಚಿನ ಗಾಯ, ಆಸ್ಪತ್ರೆಯಲ್ಲಿ ಎರಡು ರಾತ್ರಿ. ಎಚ್ಚರಾದಾಗ ಕಾಲಿನ ಜಗ್ಗು ಇರಲೇ ಇಲ್ಲ. ಆ ಸಂತೋಷಕ್ಕೆ ಅತ್ತುಬಿಟ್ಟೆ. 2023ರದ್ದು ನಾಲ್ಕು ತಾಸು, ಗಾಯ ನಾಲ್ಕು ಇಂಚು, ಐದು ರಾತ್ರಿ, ಒಂದು ಕಡೆ ರಕ್ತ ಬಸಿಯುವ ನಳಿಕೆ, ಇನ್ನೊಂದು ಕಡೆ ಮೂತ್ರದ ಪೈಪು. ಎಚ್ಚರಾದಾಗ ನೋವು ಮೊದಲಿಗಿಂತ ದೊಡ್ಡದಾಗಿತ್ತು. ಮೂರನೇ ದಿನ, ನೋವು ಇಳಿಸುವ ಔಷಧದ ಪಂಪ್ ತೆಗೆದ ಮೇಲೆ, ಯಾಕಾದರೂ ಒಪ್ಪಿಕೊಂಡೆನೋ ಅಂತ ಮಗಳ ಮುಂದೆ ಅಂದೆ. ಮೊದಲನೆಯದರ ಅನುಭವ ತಲೆಯಲ್ಲಿಟ್ಟುಕೊಂಡು ಹೋದದ್ದೇ ನನ್ನ ತಪ್ಪು. ನರ ಬಿಡಿಸುವುದು ಒಂದು ಕೆಲಸ. ಬೆನ್ನಿನ ಸ್ನಾಯು ಸರಿಸಿ ಎಲುಬಿಗೆ ನಾಲ್ಕು ಸ್ಕ್ರೂ ಕೂರಿಸುವುದು ಬೇರೆಯೇ ಕೆಲಸ. ಆ ಸ್ನಾಯು ಸುಧಾರಿಸಲು ವಾರಗಳು ಬೇಕು.

ಸ್ಕ್ರೂ ಬಗ್ಗೆ ಬಹಳ ಜನ ತಪ್ಪು ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಟೈಟಾನಿಯಂ ಸ್ಕ್ರೂ, ಎರಡು ರಾಡ್, ಡಿಸ್ಕಿನ ಜಾಗದಲ್ಲಿ ಕೂರಿಸುವ ಸಣ್ಣ ಗೂಡು, ಇವೆಲ್ಲ ನಮ್ಮ ಹೊಲಿಗೆಯಲ್ಲಿ ಹಾಕುವ ಕಚ್ಚಾ ಟಾಕಿನಂತೆ. ಪಕ್ಕಾ ಹೊಲಿಗೆ ಹಾಕುವುದು ನಮ್ಮ ಎಲುಬು. ಆಪರೇಷನ್‌ನಲ್ಲಿ ತೆಗೆದ ಎಲುಬಿನ ಚೂರನ್ನೇ ಪುಡಿ ಮಾಡಿ ಆ ಗೂಡಿಗೆ ತುಂಬುತ್ತಾರೆ, ಅದು ಬೆಳೆದು ಎರಡು ಮಣಿ ಒಂದಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಅಷ್ಟರೊಳಗೆ ಜಗ್ಗಾಡಿದರೆ ಕಚ್ಚಾ ಟಾಕು ಬಿಚ್ಚಿಕೊಂಡ ಹಾಗೆ ಸ್ಕ್ರೂ ಸಡಿಲಾಗುತ್ತದೆ. ಇದು ಅರ್ಥವಾದ ಮೇಲೆ ಉಳಿದ ಕಟ್ಟುಪಾಡುಗಳ ಬಗ್ಗೆ ಬೇಸರ ಹೋಯಿತು. 2016ರಲ್ಲಿ ನೋವಿಗೆ ಡೈಕ್ಲೋಫಿನಾಕ್ ಗುಳಿಗೆ ಧಾರಾಳವಾಗಿ ಕೊಟ್ಟಿದ್ದರು. 2023ರಲ್ಲಿ ಆ ಜಾತಿಯ ಗುಳಿಗೆ ಎಲುಬು ಕೂಡುವುದಕ್ಕೆ ಅಡ್ಡ ಬರಬಹುದು ಅಂತ ಮೊದಲ ಮೂರು ತಿಂಗಳು ಬೇಡ ಅಂದರು. ಪ್ಯಾರಾಸಿಟಮಾಲ್, ಟ್ರಮಡಾಲ್ ಅಷ್ಟೇ. ಟ್ರಮಡಾಲ್‌ನಿಂದ ಮಲ ಕಟ್ಟುತ್ತದೆ, ಮುಕ್ಕಿರಿದರೆ ಗಾಯದ ನೋವಿಗೆ ಜೀವ ಹೋದಂತಾಗುತ್ತದೆ, ಮೊದಲ ದಿನದಿಂದಲೇ ಇಸಬಗೋಲ್ ಕೇಳಿ ಇಟ್ಟುಕೊಳ್ಳಿ. ಪಕ್ಕದ ಹಾಸಿಗೆಯಲ್ಲಿ ಯಾದಗಿರಿ ಕಡೆಯ ರೈತರೊಬ್ಬರಿದ್ದರು. ಅವರು ತಂಬಾಕು ಬಿಡುವ ತನಕ ಡಾಕ್ಟರು ಆಪರೇಷನ್ ತಾರೀಖೇ ಕೊಟ್ಟಿರಲಿಲ್ಲವಂತೆ. ನಿಕೋಟಿನ್ ಇದ್ದರೆ ಎಲುಬು ಸರಿಯಾಗಿ ಕೂಡುವುದಿಲ್ಲ, ಬೀಡಿಯಾದರೂ ಅಷ್ಟೇ, ಗುಟ್ಕಾ ಆದರೂ ಅಷ್ಟೇ. ನನ್ನಲ್ಲಿ ಸಿಕ್ಕಿದ್ದು ವಿಟಮಿನ್ ಡಿ ಕೊರತೆ. ಇಂಥ ಬಿಸಿಲಿನ ಊರಲ್ಲಿದ್ದರೂ ದಿನವಿಡೀ ಒಳಗೆ ಕೂತು ಹೊಲಿಯುವವಳಿಗೆ ಬಿಸಿಲು ಎಲ್ಲಿಂದ ಬರಬೇಕು? ವಾರಕ್ಕೊಂದು 60,000 ಯೂನಿಟ್ಟಿನ ಪುಡಿಯನ್ನು ಎಂಟು ವಾರ ಕುಡಿಸಿದರು.

ಮನೆಯ ತಯಾರಿಯಲ್ಲಿ ಎರಡು ಸಲಕ್ಕೂ ಅಜಗಜಾಂತರ. ಮೊದಲ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡಿನಲ್ಲಿ "ಭಾರ ಎತ್ತಬಾರದು" ಅಂತ ಒಂದು ಸಾಲು ಬಿಟ್ಟರೆ ಏನೂ ಇರಲಿಲ್ಲ. ಹಾಸಿಗೆಯಿಂದ ಹೇಗೆ ಏಳಬೇಕು ಅಂತ ಕೂಡ ಯಾರೂ ತೋರಿಸಲಿಲ್ಲ. ಫರ್ಸಿ ಮೇಲೆ ಗಾದಿ ಹಾಸಿ ಮಲಗಿದ್ದೆ, ಏಳಲು ಇಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಬೇಕಾಗುತ್ತಿತ್ತು. ಎರಡನೇ ಸಲ ಆಪರೇಷನ್‌ನ ಹಿಂದಿನ ದಿನವೇ ಫಿಸಿಯೋಥೆರಪಿಸ್ಟ್ ಬಂದು ಕಲಿಸಿದರು: ಮೊಣಕಾಲು ಮಡಿಸು, ಭುಜ ಮತ್ತು ಟೊಂಕ ಒಟ್ಟಿಗೆ ಮರದ ದಿಮ್ಮಿ ಉರುಳಿದಂತೆ ಪಕ್ಕಕ್ಕೆ ತಿರುಗಲಿ, ಕಾಲು ಕೆಳಗಿಳಿಸುತ್ತಲೇ ಕೈಯೂರಿ ಏಳು. ಮೊದಲೇ ಹತ್ತು ಸಲ ಮಾಡಿದ್ದರಿಂದ ನೋವಿನಲ್ಲೂ ಮೈಗೆ ನೆನಪಿತ್ತು. ಮಂಚ ಮೊಣಕಾಲಿನ ಎತ್ತರಕ್ಕಿರಲಿ, ಜೋತುಬೀಳುವ ಹಗ್ಗದ ಹೊರಸು ಮಾತ್ರ ಬೇಡವೇ ಬೇಡ. ನಮ್ಮದು ಹಳೇ ಮನೆ, ನೆಲವೆಲ್ಲ ಶಹಾಬಾದ್ ಫರ್ಸಿ. ನೀರು ಬಿದ್ದರೆ ಜಾರುತ್ತದೆ, ವಾಕರ್‌ನ ರಬ್ಬರ್ ಸಹ ನಿಲ್ಲುವುದಿಲ್ಲ. ಬಚ್ಚಲ ಬಾಗಿಲಿಗೆ ಗೋಣಿಚೀಲ ಹಾಸಿ ಅದರ ಅಂಚು ಮಡಚದಂತೆ ಕಲ್ಲು ಇಟ್ಟಿದ್ದೆವು.

ಪಾಯಖಾನೆಯದ್ದೇ ದೊಡ್ಡ ಚಿಂತೆ. 2016ರಲ್ಲಿ ಪ್ಲಾಸ್ಟಿಕ್ ಖುರ್ಚಿಗೆ ತೂತು ಕೊರೆಸಿ ದೇಸಿ ಪಾಯಖಾನೆಯ ಮೇಲೆ ಇಟ್ಟೆವು. ಮೂರನೇ ದಿನ ಅದರ ಕಾಲು ಜಾರಿ ನಾನು ಗೋಡೆ ಹಿಡಿದು ಉಳಿದೆ. 2023ರಲ್ಲಿ ಕಬ್ಬಿಣದ ಕಮೋಡ್ ಖುರ್ಚಿ ತಂದು, ಗೋಡೆಗೆ ಸ್ಟೀಲಿನ ಹಿಡಿಕೆ ಹೊಡೆಸಿ ಆಮೇಲೆ ಆಸ್ಪತ್ರೆಗೆ ಹೋದೆ. ಆ ಹಿಡಿಕೆಯಷ್ಟು ಉಪಯೋಗಕ್ಕೆ ಬಂದ ವಸ್ತು ಇನ್ನೊಂದಿಲ್ಲ.

ಬೆಲ್ಟಿನ ವಿಷಯದಲ್ಲಿ ಮೊದಲನೇ ಆಪರೇಷನ್ ಸುಲಭದ್ದು: ಎಲಾಸ್ಟಿಕ್ ಬೆಲ್ಟು, ಮೂರು ವಾರ. ಎರಡನೆಯದರಲ್ಲಿ ಗಟ್ಟಿ ಪಟ್ಟಿಗಳ ಬೆಲ್ಟು, ಮೂರು ತಿಂಗಳು, ಅದೂ ಮಾರ್ಚ್, ಏಪ್ರಿಲ್, ಮೇ. ಕಲಬುರಗಿಯ 42 ಡಿಗ್ರಿಯಲ್ಲಿ ಅದನ್ನು ಕಟ್ಟಿಕೊಂಡು ಕೂರುವುದು ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಪಕ್ಕೆಲುಬಿನ ಕೆಳಗೆ ಉಜ್ಜಿ ಚರ್ಮ ಕೆಂಪಾಯಿತು, ಬೆವರುಗುಳ್ಳೆ ಎದ್ದವು. ಮಗಳ ಕೈಲಿ ಹಳೆಯ ಮೆತ್ತನೆ ಪಂಚೆ ಕತ್ತರಿಸಿ, ಹೊಲಿಗೆ ಹೊರಗಡೆ ಬರುವಂತೆ ತೋಳಿಲ್ಲದ ಬನಿಯನ್ ನಾಲ್ಕು ಹೊಲಿಸಿದೆ. ದಿನಕ್ಕೆ ಎರಡು ಬದಲಾಯಿಸಿದೆ, ವಾರದಲ್ಲಿ ಗುಳ್ಳೆ ಒಣಗಿದವು. ಕಾಯಲು ಆಗುವಂಥ ಆಪರೇಷನ್ ಆದರೆ ದೀಪಾವಳಿ ಕಳೆದ ಮೇಲೆ ಮಾಡಿಸಿಕೊಳ್ಳಿ. ಬೇಸಿಗೆಯಾದರೆ ಕೂಲರ್‌ಗೆ ನೀರು ಹಾಕುವುದಕ್ಕೂ ಇನ್ನೊಬ್ಬರು ಬೇಕು, ತುಂಬಿದ ಬಕೆಟ್ ಮುಟ್ಟುವಂತಿಲ್ಲ.

ಹೈದರಾಬಾದಿನಿಂದ ಬರುವಾಗ ಕಾರು. ಜಹೀರಾಬಾದ್, ಹುಮನಾಬಾದ್ ದಾರಿ, 220 ಕಿಲೋಮೀಟರ್‌ಗೂ ಹೆಚ್ಚು. ಮುಂದಿನ ಸೀಟು ಹಿಂದಕ್ಕೆ ಬಾಗಿಸಿ, ತಾಸಿಗೊಮ್ಮೆ ಇಳಿದು ಐದು ನಿಮಿಷ ನಡೆದರೂ ಪ್ರತಿ ಸ್ಪೀಡ್ ಬ್ರೇಕರ್ ಸ್ಕ್ರೂಗೇ ತಾಗಿದಂತಿತ್ತು. ಆರು ವಾರದ ತಪಾಸಣೆಗೆ ರೈಲಿನಲ್ಲಿ ಹೋದೆ, ಕೆಳಗಿನ ಬರ್ತ್. ಬೋಗಿಯ ಮೆಟ್ಟಿಲು ಎತ್ತರ, ಅಲ್ಲಿ ಇಬ್ಬರ ಆಸರೆ ಬೇಕು. ಒಮ್ಮೆ ಹತ್ತಿದರೆ ಮಲಗಬಹುದು, ನಿಲ್ಲಬಹುದು, ಓಡಾಡಬಹುದು. ನನಗೆ ರೈಲೇ ವಾಸಿ. ಮೊದಲನೇ ಸಲ ಊರಲ್ಲೇ ಆಗಿದ್ದರಿಂದ ಈ ತೊಂದರೆ ಗೊತ್ತೇ ಇರಲಿಲ್ಲ. ಆಟೋದಲ್ಲಿ ಹತ್ತು ನಿಮಿಷಕ್ಕೆ ಮನೆಗೆ ಬಂದಿದ್ದೆ.

ನಡಿಗೆ ಎರಡರಲ್ಲೂ ಮರುದಿನವೇ ಶುರು. ಎರಡನೆಯದರಲ್ಲಿ ಮೊದಲು ಮನೆಯೊಳಗೆ ಐದೈದು ನಿಮಿಷ, ಆಮೇಲೆ ಬೆಳಿಗ್ಗೆ ಐದೂವರೆಗೆ ಮಾಳಿಗೆ ಮೇಲೆ. ಶರಣಬಸವೇಶ್ವರ ಜಾತ್ರೆ ಆ ವರ್ಷ ಮಾಳಿಗೆಯ ಮೇಲೆ ನಿಂತು ಕೇಳಿಸಿಕೊಂಡದ್ದಷ್ಟೇ. ಎರಡೂವರೆ ತಿಂಗಳಿಗೆ ಅಪ್ಪನ ಕೆರೆಯ ಸುತ್ತ ಅರ್ಧ ತಾಸು ನಡೆಯುವಂತಾದೆ. ನಡೆಯುವುದಕ್ಕಿಂತ ಕೂರುವುದೇ ಕಷ್ಟ, ಒಂದು ಸಲಕ್ಕೆ ಇಪ್ಪತ್ತು ನಿಮಿಷ ಅಂದಿದ್ದರು. ಮಾತಾಡಿಸಲು ಬಂದವರ ಮುಂದೆ ಮರ್ಯಾದೆಗೆ ಒಂದು ತಾಸು ಕೂತು ರಾತ್ರಿಯೆಲ್ಲ ನರಳಿದ್ದೇನೆ. ಬಂದವರೂ ತಿಳಿದುಕೊಳ್ಳಬೇಕು. ಅವರು ಕೇಳುತ್ತಿದ್ದದ್ದು, "ಇನ್ನ ಜಲ್ಮದಾಗ ಬಗ್ಗಾಕ ಬರಂಗಿಲ್ಲಂತಲ್ಲ?" ಬರುತ್ತದೆ. ಮುಚ್ಚಿದ್ದು ಒಂದು ಕೀಲು, ಉಳಿದ ಮಣಿಗಳಿವೆ, ಪಿರ್ರೆಯ ಕೀಲಿದೆ. ಆದರೆ ಆ ಒಂದು ಕೀಲಿನ ಕೆಲಸ ಮೇಲಿನ ಕೀಲಿನ ಮೇಲೆ ಬೀಳುತ್ತದೆ, ವರ್ಷಗಳ ನಂತರ ಅದು ಸವೆಯಬಹುದು. ಇದನ್ನೂ ಡಾಕ್ಟರು ಮುಚ್ಚಿಡದೆ ಹೇಳಿದ್ದರು.

ಖರ್ಚು: ಮೊದಲನೆಯದು 65,000 ರೂಪಾಯಿ, ಎರಡನೆಯದು 3 ಲಕ್ಷ 80 ಸಾವಿರ, ಅದರಲ್ಲಿ ದೊಡ್ಡ ಪಾಲು ಸ್ಕ್ರೂ ಮತ್ತು ಗೂಡಿನದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ನಾವು ವಿಚಾರಿಸದೆ ನೆಟ್ಟಗೆ ಹೈದರಾಬಾದಿಗೆ ಹೋದೆವು. ನೀವು ಮೊದಲು ಇಲ್ಲಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ವಿಚಾರಿಸಿ.

ಮಷೀನಿಗೆ ಮರಳಿದ್ದು 2016ರಲ್ಲಿ ಐದನೇ ವಾರಕ್ಕೆ. ಸಂಕ್ರಾಂತಿ ಮುಗಿದು ಮದುವೆ ಸೀಜನ್, ಗಿರಾಕಿಗಳು ಬಾಗಿಲಲ್ಲಿ. 2023ರಲ್ಲಿ ನಾಲ್ಕೂವರೆ ತಿಂಗಳು ಮುಟ್ಟಲಿಲ್ಲ. ಪೆಡಲ್ ತೆಗೆಸಿ ಮೋಟರ್ ಹಾಕಿಸಿದೆ, ಟೇಬಲ್ ನಾಲ್ಕು ಇಂಚು ಎತ್ತರಿಸಿದೆ, ಬಟ್ಟೆ ಕತ್ತರಿಸುವುದನ್ನು ನೆಲದಿಂದ ನಿಂತು ಮಾಡುವ ಹಲಗೆಗೆ ತಂದೆ. ರೊಟ್ಟಿ ಬಡಿಯುವುದಕ್ಕೆ ಎಂಟು ತಿಂಗಳು ಹಿಡಿಯಿತು. ನೆಲದ ಒಲೆಯ ಮುಂದೆ ಮುಂದಕ್ಕೆ ಬಾಗಿ ಬಡಿಯುವ ಭಾರವೆಲ್ಲ ಟೊಂಕಕ್ಕೇ. ಈಗ ಅಡಿಗೆ ಕಟ್ಟೆಯ ಮುಂದೆ ನಿಂತು ಆರು ಬಡಿಯುತ್ತೇನೆ, ಏಳನೆಯದನ್ನು ಮಗಳು ತೆಗೆದುಕೊಳ್ಳುತ್ತಾಳೆ.

ನೋವನ್ನು ಹತ್ತಕ್ಕೆ ಅಳೆದರೆ ಮೊದಲ ಆಪರೇಷನ್ ಕಾಲಿನ ಒಂಬತ್ತನ್ನು ಒಂದೇ ರಾತ್ರಿಯಲ್ಲಿ ಒಂದಕ್ಕೆ ಇಳಿಸಿತು. ಎರಡನೆಯದು ಟೊಂಕದ ಎಂಟನ್ನು ಒಂದು ವರ್ಷ ತೆಗೆದುಕೊಂಡು ಮೂರಕ್ಕೆ ಇಳಿಸಿತು. ಮೋಡದ ದಿನ, ಬಹಳ ಕೂತ ದಿನ ಆ ಮೂರು ನಾಲ್ಕಾಗುತ್ತದೆ. ಕಳಚುವುದು ಮಾತ್ರ ಪೂರ್ತಿ ನಿಂತಿದೆ, ಸೂಪರ್ ಮಾರ್ಕೆಟ್‌ನಲ್ಲಿ ಕಟ್ಟೆ ಹುಡುಕದೆ ನಡೆಯುತ್ತೇನೆ. ಮಣಿ ಜಾರದವರಿಗೆ, ಬರೀ ಕಾಲು ನೋವಿನವರಿಗೆ ರಾಡ್ ಹಾಕಿಸಿ ಅಂತ ಯಾರಾದರೂ ಅಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳದೆ ಒಪ್ಪಬೇಡಿ ಅನ್ನುತ್ತೇನೆ. ಮಣಿ ಜಾರುತ್ತಿದ್ದವರು ಸಣ್ಣದರಲ್ಲೇ ಮುಗಿಯಲಿ ಅಂತ ಆಸೆಪಟ್ಟರೆ ಅದೂ ಸರಿಯಲ್ಲ.

ಜೇವರ್ಗಿಯಲ್ಲಿರುವ ನನ್ನ ನಾದಿನಿಗೆ ಈ ದೀಪಾವಳಿ ಆದ ಮೇಲೆ ರಾಡ್ ಹಾಕುವ ಇದೇ ಆಪರೇಷನ್. "ವೈನಿ, ನಿಮ್ಮ ಸಾಮಾನೆಲ್ಲ ನನಗ ಕಳಸ್ರಿ" ಅಂದಳು. ವಾಕರ್, ಕಮೋಡ್ ಖುರ್ಚಿ, ನಾಲ್ಕೂ ಬನಿಯನ್ ಮೊನ್ನೆ ಬಸ್ಸಿಗೆ ಹಾಕಿಸಿದೆ. ಬೆಲ್ಟ್ ಮಾತ್ರ ಕಳಿಸಲಿಲ್ಲ. ಅವಳು ನನಗಿಂತ ತೆಳ್ಳಗೆ, ಪಕ್ಕೆಲುಬಿಂದ ಟೊಂಕದ ತನಕದ ಅಳತೆಯೂ ಬೇರೆ. ಟೇಪ್ ತೆಗೆದುಕೊಂಡು ಬರುವ ರವಿವಾರ ನಾನೇ ಜೇವರ್ಗಿಗೆ ಹೋಗುತ್ತೇನೆ.